ಚಿಗರಿಗೆ ಹೊದಿಸಿದ ಶಾಲು

ನಾಯಿಗಳ ಮುಂದೆ ನನ್ನ ಪದವಿಗಳು ಕೆಲಸಕ್ಕೆ ಬರುವುದಿಲ್ಲ. ಬೀದರದ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುವವನು ನಾನು. ಬಹಮನಿ ಸುಲ್ತಾನರ ಎಷ್ಟೋ ಯುದ್ಧಗಳನ್ನು ಡಸ್ಟರ್ ಹಿಡಿದೇ ಗೆದ್ದುಕೊಟ್ಟಿದ್ದೇನೆ. ಆದರೆ ಓಣಿಯ ಕೊನೆಯಲ್ಲಿ ಒಂದು ನಾಯಿ ಮೈಮುರಿದು ಎದ್ದು ನಿಂತರೆ ಸಾಕು, ಮೊಬೈಲು ಕಿವಿಗೆ ಹಿಡಿದು, ಯಾರೋ ತುರ್ತಾಗಿ ಕರೆದವರಂತೆ ಮಾತಾಡುತ್ತ ಬೇರೆ ದಾರಿ ಹಿಡಿಯುತ್ತೇನೆ. ಇಂಥ ನಾನು ಹೋದ ಚಳಿಗಾಲದಲ್ಲಿ ಐದು ನಾಯಿಗಳ ಬಾಯಿಂದ ಚಿಗರಿಯ, ಅಂದರೆ ಜಿಂಕೆಯ, ಮರಿಯೊಂದನ್ನು ಬಿಡಿಸಿದೆನೆಂದು ಔರಾದ ತಾಲ್ಲೂಕಿನ ಒಂದು ಊರಿನ ಅರ್ಧ ಜನ ಇಂದಿಗೂ ನಂಬಿದ್ದಾರೆ. ಉಳಿದರ್ಧ ಜನ ನಡೆದದ್ದನ್ನು ಕಣ್ಣಾರೆ ಕಂಡವರು.

ಡಾಬಕಾದಲ್ಲಿ ನನ್ನ ಹೆಂಡತಿ ಸುಜಾತಾಳ ಅಕ್ಕನ ಮನೆಯಿದೆ. ಅಂದು ಬೆಳಿಗ್ಗೆ ಕಮಲನಗರದಲ್ಲಿ ಬಸ್ಸಿಳಿದು ರಹೀಮ ಚಾಚಾನ ಆಟೋ ಹತ್ತಿದೆವು. ಕನ್ನಡ, ಮರಾಠಿ, ದಖನಿ ಮೂರನ್ನೂ ಒಂದೇ ವಾಕ್ಯದಲ್ಲಿ ಕೂರಿಸಬಲ್ಲ ಮನುಷ್ಯ ಚಾಚಾ. ಮೂವರ ಆಟೋದಲ್ಲಿ ಒಂಬತ್ತು ಜನರನ್ನು ಕೂರಿಸಿದ ಅಭ್ಯಾಸವಿರಬೇಕು. ಊರು ಇನ್ನೂ ಸ್ವಲ್ಪ ದೂರವಿರುವಾಗ, ಕಡಲೆ ಹೊಲದ ಬೇಲಿಯ ತಂತಿಗೆ ಹಿಂಗಾಲು ಸಿಕ್ಕಿಸಿಕೊಂಡು ಒಂದು ಚಿಗರಿ ಮರಿ ಒದ್ದಾಡುತ್ತಿರುವುದು ಕಂಡಿತು. ಸುತ್ತ ಐದು ನಾಯಿಗಳು. ಚಾಚಾ ಆಟೋ ನಿಲ್ಲಿಸಿದ. ನಾನು ಎರಡೂ ಕಾಲುಗಳನ್ನು ಸೀಟಿನ ಮೇಲೆ ಎಳೆದುಕೊಂಡು, ಮೊದಲು ಅರಣ್ಯ ಇಲಾಖೆಗೆ ತಿಳಿಸುವುದು ಸೂಕ್ತ ಎಂದೆ.

"ತಿಳಸ್ರಿ. ಅದಕ್ಕ ಮೊದಲ ಸೀಟು ಬಿಟ್ಟು ಏಳ್ರಿ," ಎಂದಳು ಸುಜಾತಾ.

ಎದ್ದು ಫೋನು ಹಚ್ಚಿದೆ. ಅವಳು ಸೀಟಿನ ಮೆತ್ತೆಯನ್ನೇ ಕಿತ್ತುಕೊಂಡು, ಢಾಲಿನಂತೆ ಮುಂದೆ ಹಿಡಿದು ಹೊಲಕ್ಕೆ ಇಳಿದಳು. ಚಾಚಾ ಖಾಲಿ ಎಣ್ಣೆ ಡಬ್ಬಿಯನ್ನು ನಟ್ಟು ಬಿಚ್ಚುವ ಪಾನಾದಿಂದ ಬಡಿಯುತ್ತ ಹಿಂದೆ ಓಡಿದ. ನಾಲ್ಕು ನಾಯಿಗಳು ಹಿಂದೆ ಸರಿದವು. ಐದನೆಯದು, ಒಂದು ಕರಿಯದು, ಹಾರಿತು. ಅದರ ಹಲ್ಲು ಇಳಿದದ್ದು ಮೆತ್ತೆಗೆ. ಮೆತ್ತೆಯ ಈಚೆಗೆ ಗೇಣು ದೂರದಲ್ಲಿ ಸುಜಾತಾಳ ಮುಖ. ನಾನು ಕಿರುಚಿದೆನಂತೆ. ಫೋನಿನ ಆ ಬದಿಯಲ್ಲಿದ್ದ ಅರಣ್ಯ ಇಲಾಖೆಯ ಸಿಬ್ಬಂದಿ, ನಾಯಿ ನನ್ನನ್ನೇ ಕಚ್ಚಿತೆಂದು ತಿಳಿದು, ಗಾಯವನ್ನು ಸಾಬೂನು ಹಚ್ಚಿ ತೊಳೆಯಿರಿ ಎಂದು ಸಮಾಧಾನ ಹೇಳತೊಡಗಿದರು. ಅಷ್ಟರಲ್ಲಿ ಇವಳು ಮೆತ್ತೆಯ ಸಮೇತ ನಾಯಿಯನ್ನು ಆಚೆ ತಳ್ಳಿದ್ದಳು. ಈಗಲೂ ಗಡ್ಡ ಕೆರೆದುಕೊಳ್ಳುವಾಗ ಕನ್ನಡಿಯಲ್ಲಿ ಆ ಹಲ್ಲು ಕಾಣುತ್ತದೆ. ನೆನೆದ ಪ್ರತಿ ಸಲವೂ ಆ ಮೆತ್ತೆ ಇನ್ನಷ್ಟು ತೆಳ್ಳಗಾಗುತ್ತ ಹೋಗುತ್ತದೆ.

ಕಚ್ಚಿಸಿಕೊಂಡವನು ನಾನಲ್ಲ ಎಂದು ತಿಳಿದ ಮೇಲೆ ಸಿಬ್ಬಂದಿ ಮುಖ್ಯವಾದದ್ದನ್ನು ಹೇಳಿದರು: ಚಿಗರಿ ಗಾಯಕ್ಕಿಂತ ಹೆದರಿಕೆಯಿಂದಲೇ ಸಾಯುವುದುಂಟು, ಹಾಲು ನೀರು ಏನೂ ಕುಡಿಸದೆ, ಕಣ್ಣು ಮುಚ್ಚಿ, ಗದ್ದಲವಿಲ್ಲದೆ ಔರಾದದ ಪಶು ಆಸ್ಪತ್ರೆಗೆ ತನ್ನಿ, ನಮ್ಮವರೂ ಅಲ್ಲಿಗೆ ಬರುತ್ತಾರೆ. ತಂತಿಯಿಂದ ಕಾಲು ಬಿಡಿಸಿ ಆಟೋಗೆ ತಂದ ಮರಿಯ ಕಣ್ಣಿಗೆ ನನ್ನ ಕರ್ಚೀಫು ಕಟ್ಟಿದೆವು; ಅದು ಜಾರಿ ಜಾರಿ ಬೀಳುತ್ತಿತ್ತು. ಚಾಚಾ ಊರೊಳಗಿನ ದಾರಿ ಹಿಡಿದ. ಅಲ್ಲೇ ತಪ್ಪಿದ್ದು.

ನಮ್ಮ ಕಡೆ ಒಬ್ಬ ಮನುಷ್ಯ ಒಳ್ಳೆಯ ಕೆಲಸ ಮಾಡಿದನೆಂದು ಗೊತ್ತಾದರೆ, ಶಾಲು ಹೊದೆಯದೆ ಅವನು ಊರು ದಾಟುವುದು ಕಷ್ಟ. ಪಂಚಾಯಿತಿಯ ಮಾಜಿ ಮೆಂಬರ್ ವೈಜನಾಥನಂತೂ ಬೈಕಿನ ಡಬ್ಬಿಯಲ್ಲಿ ಸದಾ ಒಂದು ಶಾಲು ಇಟ್ಟುಕೊಂಡೇ ತಿರುಗುವವನು. ಕಟ್ಟೆಯ ಬಳಿ ಆಟೋ ತಡೆದು, ನಾಯಿಗಳ ಬಾಯಿಂದ ಬಿಡಿಸಿದ ಮರಿಯೆಂದು ತಿಳಿದದ್ದೇ, ಐದೇ ನಿಮಿಷ ಎಂದ. ಮೂವರಲ್ಲಿ ಪ್ಯಾಂಟು, ಕನ್ನಡಕ ಎರಡೂ ಇದ್ದವನು ನಾನೊಬ್ಬನೇ. ಆದ್ದರಿಂದ ಸಾಹಸ ನನ್ನದೆಂದು ತೀರ್ಮಾನವಾಯಿತು. ತಿದ್ದಬೇಕೆಂದೇ ಇದ್ದೆ. ಅಷ್ಟರಲ್ಲಿ ಕುರ್ಚಿ ಬಂತು. ಕೂತೆ. ಶಾಲು ಬಂತು, ಭಾಷಣ ಶುರುವಾಯಿತು, ಫೋಟೋಕ್ಕೆ ಜನ ಒತ್ತಿ ನಿಂತರು. ಯಾರೋ ಮರಿಗೆಂದು ಚರಿಗೆಯಲ್ಲಿ ಹಾಲು ತಂದರು. ನಾನು ಕ್ಯಾಮೆರಾದತ್ತ ನೋಡುತ್ತಿದ್ದೆ.

"ಮೆಂಬರ್ರೇ," ಸುಜಾತಾ ಆಟೋದೊಳಗಿಂದಲೇ ತಣ್ಣಗೆ ಹೇಳಿದಳು, "ಇದು ಬಾಯಿ ತಗದು ತೇಕಲತದ. ನಿಮ್ಮ ಭಾಷಣ ಮುಗಿಯೋತನಕ ಇದು ಉಳಿಯಂಗಿಲ್ಲ. ಆ ಶಾಲು ಇಲ್ಲಿ ಕೊಡ್ರಿ."

ಯಾರೂ ಅಲುಗಾಡದ್ದನ್ನು ಕಂಡು ಇಳಿದು ಬಂದು, ನನ್ನ ಹೆಗಲಿನಿಂದ ಶಾಲು ಎಳೆದುಕೊಂಡು ಹೋಗಿ ಮರಿಯ ತಲೆಯ ಮೇಲೆ ಹೊದಿಸಿದಳು. ಕಣ್ಣಿಗೆ ಕತ್ತಲಾದದ್ದೇ ಅದರ ಒದ್ದಾಟ ನಿಂತಿತು. ವೈಜನಾಥ ಒಂದು ಕ್ಷಣ ನೋಡಿದ. ಆಮೇಲೆ ಜನರ ಕಡೆ ತಿರುಗಿ, "ಎಲ್ಲಾರೂ ಸರೀರಿ, ಯಾರೂ ಮಾತಾಡಬ್ಯಾಡ್ರಿ. ಅಕ್ಕಾ, ನಾ ಮುಂದ ದಾರಿ ಮಾಡ್ಕೋತ ಹೋಗ್ತೇನಿ, ನೀವು ಹಿಂದ ಬರ್ರಿ," ಎಂದು ಬೈಕು ಹತ್ತಿದ. ಔರಾದದವರೆಗೂ ಹಾರ್ನ್ ಬಾರಿಸದೆ, ಎದುರಿನ ಟ್ರ್ಯಾಕ್ಟರುಗಳನ್ನೆಲ್ಲ ಬರೀ ಕೈಸನ್ನೆಯಿಂದ ಬದಿಗೆ ಸರಿಸುತ್ತ ಹೋದ. ನಾನು ಮೆತ್ತೆಯಿಲ್ಲದ ಹಲಗೆಯ ಮೇಲೆ ಕೂತು, ಶಾಲಿನ ಕೆಳಗಿನ ಉಸಿರನ್ನೇ ನೋಡುತ್ತಿದ್ದೆ.

ಡಾಕ್ಟರು ಒಬ್ಬ ತರುಣಿ. ಕಾಲಿಗೆ ಹೊಲಿಗೆ ಹಾಕಿ, ಇನ್ನಷ್ಟು ತಡವಾಗಿದ್ದರೆ ಹೇಳುವುದು ಕಷ್ಟವಿತ್ತು ಎಂದರು. ನಾನು ಸುಜಾತಾಳ ಮುಖ ನೋಡಲಿಲ್ಲ. ಮುಂದೆ ಮರಿ ಅರಣ್ಯ ಇಲಾಖೆಯವರ ಆರೈಕೆಯಲ್ಲಿತ್ತು. ನಾನು ಎರಡು ಸಲ ನೋಡಲು ಹೋದೆ. ಮನುಷ್ಯರ ರೂಢಿಯಾಗಬಾರದೆಂದು ಎರಡು ಸಲವೂ ಹೊರಗಿನಿಂದಲೇ ಕಳಿಸಿದರು. ಕೊನೆಗೆ ಅದನ್ನು ಹುಲ್ಲುಗಾವಲಿಗೆ ಬಿಡುವ ದಿನ, ದೂರದಲ್ಲಿ ನಿಲ್ಲುವುದಾದರೆ ಬನ್ನಿ ಎಂದರು. ಬಾಗಿಲು ತೆಗೆದರು. ಮರಿ ಹೊರಗೆ ಬಂದು ನಿಂತು, ಕತ್ತು ಹೊರಳಿಸಿ ನೇರವಾಗಿ ನನ್ನನ್ನೇ ನೋಡಿತು. ಗುರುತು ಹಿಡಿಯಿತೆಂದು ನನ್ನ ಕಣ್ಣು ತುಂಬಿ ಬಂತು. ಮರುಕ್ಷಣ ಅದು ಪ್ರಾಣ ಹೋದಂತೆ ಬೆದರಿ, ನಾಲ್ಕೂ ಕಾಲು ನೆಲ ಬಿಟ್ಟು ಹಾರಿ, ದೂರದ ಹಿಂಡಿನ ಕಡೆ ಓಡಿಹೋಯಿತು.

"ನಿಮ್ಮನ್ನ ನೋಡಿ ಹ್ಯಾಂಗ ಓಡ್ತು ನೋಡ್ರಿ ಸರ್," ಎಂದರು ಅಂದು ಅಲ್ಲಿಗೆ ಬಂದಿದ್ದ ಆ ಡಾಕ್ಟರು, ನಿಜವಾದ ಸಂತೋಷದಿಂದ. "ಪೂರಾ ಆರಾಮ ಆಗ್ಯಾದ."

ಆ ಲೆಕ್ಕದಲ್ಲಿ ನನ್ನ ವಿದ್ಯಾರ್ಥಿಗಳೆಲ್ಲ ಗಟ್ಟಿಮುಟ್ಟಾಗಿದ್ದಾರೆ.