ಎಲ್ಲ ಬಲ್ಲ ಜೂಮ್ ಲೆನ್ಸಿನ ಸನ್ನಿಧಾನಕ್ಕೆ

ಮಾನ್ಯರೇ,

ನಮ್ಮ ಮನೆಯ ಬೀರುವಿನಲ್ಲಿ ಹಳೆಯ ಕಾಲುಚೀಲಗಳ ನಡುವೆ ವಿರಾಜಮಾನರಾಗಿರುವ ತಮಗೆ ನನ್ನ ಸಾಷ್ಟಾಂಗ ನಮಸ್ಕಾರಗಳು. ನಮಸ್ಕಾರವನ್ನು ಕುಳಿತಲ್ಲಿಂದಲೇ ಮಾಡುತ್ತಿದ್ದೇನೆ. ಕುಳಿತಲ್ಲಿಂದಲೇ ಸಕಲವೂ ಸಾಧ್ಯವೆಂದು ಕಲಿಸಿಕೊಟ್ಟವರು ತಾವೇ ಆದ್ದರಿಂದ ಬೇಸರಿಸಲಾರಿರಿ ಎಂದು ನಂಬಿದ್ದೇನೆ.

ನನ್ನ ಭಾವಮೈದುನ ತಮ್ಮ ಗುಣಗಾನ ಮಾಡುತ್ತಾ, ಪ್ರವಾಸಕ್ಕೆ ಈ ಒಂದೇ ಲೆನ್ಸ್ ಸಾಕು, ಎದುರಿನ ಮೇಜಿನಿಂದ ಆಚೆ ದಡದ ಕೊಕ್ಕರೆಯವರೆಗೆ ಎಲ್ಲವೂ ಸಿಗುತ್ತದೆ, ಬದಲಿಸುವ ರಗಳೆಯೇ ಇಲ್ಲ ಎಂದು ತಾಸುಗಟ್ಟಲೆ ನನ್ನ ತಲೆ ತಿಂದಿದ್ದ. ಇದ್ದಬದ್ದ ಹಳೆಯ ಲೆನ್ಸುಗಳನ್ನೆಲ್ಲ ಮಾರಿ ತಮ್ಮನ್ನು ಬರಮಾಡಿಕೊಂಡೆ. ಅವನು ಸುಳ್ಳು ಹೇಳಿರಲಿಲ್ಲ. ಎಲ್ಲವೂ ಸಿಕ್ಕಿತು, ಯಾವುದೂ ನೆಟ್ಟಗೆ ಸಿಗಲಿಲ್ಲ, ಅಷ್ಟೆ.

ತಮ್ಮ ಪ್ರತಿಭೆಯನ್ನು ಎಷ್ಟೆಂದು ಹೊಗಳಲಿ! ತಾವು ಅಗಲಕ್ಕೆ ತೆರೆದುಕೊಂಡಾಗ ಗಟ್ಟಿಮುಟ್ಟಾದ ಕಟ್ಟಡಗಳೂ ಸೊಂಟ ಬಗ್ಗಿಸಿ ನಿಂತವು. ಗುಂಪಿನ ಅಂಚಿನಲ್ಲಿದ್ದ ನಾದಿನಿ ಒಂದೇ ಕ್ಲಿಕ್ಕಿಗೆ ಎರಡರಷ್ಟು ದಪ್ಪಗಾಗಿ ಇಂದಿಗೂ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಆ ಕೊಕ್ಕರೆಯಂತೂ ಗೋಡೆಯಿಂದ ಉದುರಿದ ಸುಣ್ಣದ ಚಕ್ಕೆಯ ಹಾಗೆ ಮೂಡಿತು. ಕೊರಳಿಗೆ ತೂಗುಹಾಕಿಕೊಂಡರೆ ಯಾರೂ ಕರೆಯದಿದ್ದರೂ ತಾವಾಗಿಯೇ ಜಾರಿ ಉದ್ದವಾಗಿ, ಟಿಕೆಟ್ ಸಾಲಿನಲ್ಲಿ ಮುಂದಿದ್ದವರ ಬೆನ್ನಿಗೆ ತಿವಿದು ನನಗೆ ಬೈಗುಳ ಕೊಡಿಸಿದ ತಮ್ಮ ಉತ್ಸಾಹವನ್ನು ಮರೆಯುವಂತೆಯೇ ಇಲ್ಲ.

ಇದನ್ನೆಲ್ಲ ಹಲ್ಲುಕಚ್ಚಿ ಸಹಿಸಿಕೊಂಡೆ. ಬೆಟ್ಟದ ವಿಷಯ ಮಾತ್ರ ಸಹಿಸಲಾರೆ. ಮಂಡಿಯ ಆಪರೇಷನ್ ಆದ ಮೇಲೆ ಗೋಡೆ ಹಿಡಿಯದೆ ನಡೆಯಲಾಗದಿದ್ದ ನನ್ನ ಹೆಂಡತಿ, ಬೆಟ್ಟ ಹತ್ತಿಯೇ ತೀರುತ್ತೇನೆಂದು ಹಟ ತೊಟ್ಟು, ತಿಂಗಳುಗಟ್ಟಲೆ ಮಹಡಿ ಮೆಟ್ಟಿಲನ್ನು ಹತ್ತಿ ಇಳಿದು ಕಾಲು ಪಳಗಿಸಿಕೊಂಡಿದ್ದಳು. ಜೊತೆಗೆ ಬನ್ನಿ ಎಂದಳು. ತಾವಿರುವಾಗ ನಾನೇಕೆ ಹತ್ತಬೇಕು? ಇಲ್ಲಿಂದಲೇ ಬೆಟ್ಟದ ತುದಿ ಅಂಗೈಯಲ್ಲಿ ಸಿಗುತ್ತದೆ, ನೀನು ಹೊರಡು ಎಂದು ಹೇಳಿ ಬುಡದ ಬೆಂಚಿನ ಮೇಲೆ ಹಾಯಾಗಿ ಕುಳಿತೆ. ಸಂಜೆಯ ಹೊತ್ತಿಗೆ ಅವಳು ತುದಿ ಮುಟ್ಟಿ, ನನ್ನ ಕಡೆ ತಿರುಗಿ, ಎರಡೂ ಕೈ ಎತ್ತಿ ಬೀಸಿದಳು, ಎಷ್ಟೋ ಹೊತ್ತು ಬೀಸುತ್ತಲೇ ಇದ್ದಳು. ಆಹಾ, ಎಂಥ ಪೋಸು ಎಂದುಕೊಂಡೆ. ತಾವು ಆ ಮಬ್ಬು ಬೆಳಕಿನಲ್ಲಿ ಗರಗರನೆ ಹಿಂದೆ ಮುಂದೆ ತಡಕಾಡಿ, ಕೊನೆಗೆ ನನ್ನ ಮುಂದಿದ್ದ ತಂತಿ ಬೇಲಿಯನ್ನು ಅದರ ತುಕ್ಕಿನ ಸಮೇತ ಅತ್ಯದ್ಭುತವಾಗಿ ಸೆರೆಹಿಡಿದಿರಿ. ಅವಳು ಹಿಂದೆಲ್ಲೋ ಒಂದು ಕೆಂಪು ಕಲೆಯಾಗಿದ್ದಳು.

ಮನೆಗೆ ಬಂದು ಫೋಟೋ ನೋಡಿದವಳು ಬೇಲಿಯ ಬಗ್ಗೆ ಚಕಾರ ಎತ್ತಲಿಲ್ಲ. "ನಾನು ಕೈ ಬೀಸಿದ್ದು ಫೋಟೋಗಲ್ಲ, ಮೇಲೆ ಬನ್ನಿ ಅಂತ ಕರೆದಿದ್ದು" ಎಂದಳು.

ಆದಕಾರಣ ಮಾನ್ಯರು ದಯಮಾಡಿ ಆ ಸಂಜೆಯನ್ನು ಬಳಸದ ಸ್ಥಿತಿಯಲ್ಲಿ ನನಗೆ ಹಿಂದಿರುಗಿಸಬೇಕು. ಅದಾಗದಿದ್ದರೆ, ತಮ್ಮ ಮುಂದಿನ ಮಾದರಿಗಾದರೂ ಮಾಲೀಕನನ್ನು ಬೆಂಚಿನಿಂದ ಒದ್ದೆಬ್ಬಿಸುವ ಗುಂಡಿಯೊಂದನ್ನು ಕೂಡಿಸಬೇಕೆಂದು ಕೋರುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿ,
ಬುಡದಲ್ಲೇ ಉಳಿದವನು

ಮರೆತ ಮಾತು: ಈ ಭಾನುವಾರ ಅವಳು ನಮ್ಮ ಬೀದಿಯ ಹಿಂದಿನ ಗುಡ್ಡ ಹತ್ತಲು ಹೊರಟಿದ್ದಾಳೆ. ಈ ಸಲ ನನ್ನನ್ನು ಕರೆದಿಲ್ಲ, ತಮ್ಮನ್ನು ಕರೆದಿದ್ದಾಳೆ. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರೆ ಗುಡ್ಡದ ತುದಿಯಿಂದಲೇ ನನ್ನದೊಂದು ಫೋಟೋ ತೆಗೆಯುತ್ತಾಳಂತೆ. ಅದೊಂದು ದಿನ ತಾವು ಎಂದಿನಂತೆಯೇ ನಡೆದುಕೊಂಡು, ನನ್ನ ಮುಖ ಯಾರಿಗೂ ಗುರುತು ಸಿಗದಂತೆ ನೋಡಿಕೊಳ್ಳಬೇಕಾಗಿ ವಿನಂತಿ.