ಪುಸ್ತಕದಿಂದ ಹೆಸರು ತೆಗೆಯುವ ವಿಧಾನ

ನಮ್ಮ ಮಾವನವರ ಮುಂದೆ ಚಿತ್ರಗುಪ್ತ ಏನೇನೂ ಅಲ್ಲ! ಒಬ್ಬರ ಹೆಸರು ಹೊಡೆದು ಹಾಕಲು ಚಿತ್ರಗುಪ್ತನಿಗೆ ಅರೆಗಳಿಗೆ ಸಾಕಂತೆ. ನಮ್ಮ ಮಾವನವರಿಗೆ ಪೂರಾ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ಬೇಕಾಗುತ್ತಿತ್ತು. ಅಷ್ಟಾದ ಮೇಲೂ ಪೆನ್ಸಿಲ್ಲಿನಲ್ಲೇ ಹೊಡೆಯುತ್ತಿದ್ದರು.

ಅರವತ್ತರ ದಶಕದ ಮಾತು. ಜಯನಗರದ ನಮ್ಮ ರಸ್ತೆಗೆಲ್ಲ ಟೆಲಿಫೋನ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ನಡುಮನೆಯ ಗೂಡಿನಲ್ಲಿ, ನಾನೇ ಕ್ರೋಷಾ ಹಾಕಿದ ಬಿಳಿ ಮುಸುಕು ಹೊದ್ದು, ಕಪ್ಪಗೆ ದೇವರ ಹಾಗೆ ಕೂತಿರುತ್ತಿತ್ತು. ಫೋನು ನಮ್ಮದು, ಅದರ ಉಪಯೋಗ ಊರಿಗೆಲ್ಲ. ಬೀದಿಯವರು ತಮ್ಮ ನೆಂಟರಿಗೆಲ್ಲ ನಮ್ಮ ನಂಬರು ಕೊಟ್ಟಿದ್ದರು. ಮಾವನವರು ಆಫೀಸಿನಿಂದ ನಿವೃತ್ತರಾಗಿದ್ದರೇ ಹೊರತು ಆಫೀಸು ಅವರಿಂದ ನಿವೃತ್ತವಾಗಿರಲಿಲ್ಲ. ಒಂದು ಉದ್ದನೆಯ ಪುಸ್ತಕ ತಂದು ಗೆರೆ ಹಾಕಿದರು. ಹದಿನಾರು ಸಾಲು, ಹದಿನಾರು ಮನೆ. ಒಂದು ಹೆಚ್ಚಿಲ್ಲ. ಒಬ್ಬರನ್ನು ಕರೆಯಲು ಹೋದಾಗ ಇನ್ನೊಬ್ಬರಿಗೆ ಫೋನು ಬಂದುಬಿಟ್ಟರೆ ಏನು ಗತಿ ಎಂದು ಅವರ ಆತಂಕ.

ಪ್ರತಿ ಸಾಲಿಗೂ ನಾಲ್ಕು ಅಂಕಣ: ಹೆಸರು, ಮನೆ, ಕರೆಯುವ ದಾರಿ, ತಿಳಿಸುವ ರೀತಿ. ಕೊನೆಯ ಅಂಕಣವೇ ಅವರ ಪಾಂಡಿತ್ಯ. ‘ಮೂಲೆ ಮನೆ ಮೇಷ್ಟ್ರು: ಎಡಗಿವಿ ಕೇಳದು, ಬಲಗಡೆ ನಿಂತು ಹೇಳುವುದು.’ ‘ಬ್ಯಾಂಕಿನವರು: ಊಟದ ಮಧ್ಯೆ ಹೇಳಕೂಡದು, ಒಳ್ಳೆಯ ಸುದ್ದಿಗೂ ಎಲೆ ಬಿಟ್ಟು ಏಳುತ್ತಾರೆ.’ ನಾನು ಈ ಮನೆಗೆ ಬಂದು ಏಳು ವರ್ಷವಾಗಿತ್ತು. ಆ ಪುಸ್ತಕದಲ್ಲಿ ಬೀದಿಯೆಲ್ಲ ಇತ್ತು, ನನ್ನ ಹೆಸರೊಂದಿರಲಿಲ್ಲ. ಮನೆಯವಳಿಗೆ ಎಂಥ ಸಾಲು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ ಅನ್ನಿ.

ಸೇರಿಸುವುದು ಒಂದು ನಿಮಿಷದ ಕೆಲಸ. ತೆಗೆಯುವುದಿದೆಯಲ್ಲ, ಅದು ತಪಸ್ಸು! ಮೊದಲು ಬೀದಿ ಬಿಟ್ಟು ಹೋಗುವವರ ಹೊಸ ವಿಳಾಸ ಬರೆದುಕೊಳ್ಳಬೇಕು. ಅವರಿಗೆ ಫೋನು ಮಾಡುವ ನೆಂಟರೆಲ್ಲ ‘ಇನ್ನು ಈ ನಂಬರಿಗೆ ಮಾಡುವುದಿಲ್ಲ’ ಎಂದು ಕಾರ್ಡು ಬರೆಯಬೇಕು. ಆಮೇಲೆ ಒಂದು ಮಂಡಲ ಕಾಯಬೇಕು. ಮಲ್ಲೇಶ್ವರಕ್ಕೆ ಮನೆ ಬದಲಾಯಿಸಿದ ಮಹನೀಯರೊಬ್ಬರು ತಾವೇ ಬಂದು, ನನ್ನ ಹೆಸರು ತೆಗೆದುಬಿಡಿ ಸಾರ್, ಅಲ್ಲಿ ಮನೇಲೇ ಫೋನಿದೆ ಅಂದರು. ಮಾವನವರು ಕನ್ನಡಕದ ಮೇಲಿಂದ ನೋಡಿದರು.

“ನೀವು ಹೇಳಿದ್ರೆ ಆಯ್ತೇ? ನಿಮಗೆ ಫೋನ್ ಮಾಡೋರು ಹೇಳ್ಬೇಕು.”

ಪಾಪ, ಅವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅವರ ಹೆಸರು ಮಾತ್ರ ಎರಡು ತಿಂಗಳು ಇಲ್ಲೇ ಇತ್ತು.

ಇನ್ನು ಭಾನುವಾರ. ಕಾಫಿ ಕುಡಿದು, ಕೊಡೆ ಹಿಡಿದು ಹೊರಟರೆ ಮಾವನವರು ಬರುವುದು ಊಟದ ಹೊತ್ತಿಗೆ. ಎಲ್ಲಿಗೆ ಎಂದರೆ ‘ಗಾಳಿಗೆ’. ಒಂದು ವಾರ ಉತ್ತರಹಳ್ಳಿಯ ಬದನೆಕಾಯಿ, ಇನ್ನೊಂದು ವಾರ ಬನಶಂಕರಿಯ ಕುಂಕುಮ. ಅಪ್ಪನ ಗಾಳಿ ತರಕಾರೀನೂ ಬೆಳೆಯುತ್ತೆ ಎಂದು ನಮ್ಮ ಯಜಮಾನರು ನಗುತ್ತಿದ್ದರು.

ಹೀಗಿರುವಾಗ ಎದುರು ಮನೆಯ ಔಟ್‌ಹೌಸಿನಲ್ಲಿದ್ದ ಸಾವಿತ್ರಮ್ಮನವರು ಮನೆ ಖಾಲಿ ಮಾಡಿ ಇಟ್ಟಮಡುವಿಗೆ, ತಮ್ಮನ ಮನೆಗೆ ಹೋದರು. ಇಟ್ಟಮಡು ಆಗ ಹೊಲಗದ್ದೆಯ ನಡುವಿನ ಹಳ್ಳಿ. ಅವರಿಗಿದ್ದದ್ದು ಒಬ್ಬಳೇ ಮಗಳು, ಭದ್ರಾವತಿಗೆ ಕೊಟ್ಟಿದ್ದರು. ಎರಡು ಬಸಿರು ನಿಂತಿರಲಿಲ್ಲ. ಮೂರನೆಯದಕ್ಕೆ ಡಾಕ್ಟರು ಪ್ರಯಾಣವೇ ಕೂಡದು ಎಂದಿದ್ದರಿಂದ ಹೆರಿಗೆ ಅಲ್ಲೇ ಆಗಬೇಕಿತ್ತು. ಒಂಬತ್ತನೆಯ ತಿಂಗಳಿಗೆ ಬೀಳುತ್ತಲೇ ತಾಯಿ ಹೋಗುವುದೆಂದು ಮಾತು. ಹೊರಡುವ ದಿನ ಸಾವಿತ್ರಮ್ಮ ಒಳಗೆ ಬಂದು ಫೋನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

“ಆ ಹಳ್ಳೀಲಿ ಫೋನಿಲ್ಲ ಕಣಮ್ಮ. ಅಳಿಯಂಗೆ ಇದೇ ನಂಬರು ಇರ್ಲಿ ಅಂದಿದೀನಿ. ನಿಮ್ಮನ್ನೇ ನಂಬ್ಕೊಂಡಿದೀನಿ.”

ಮಾವನವರು ಇಟ್ಟಮಡುವಿನ ಗುರುತನ್ನೆಲ್ಲ ಅವರ ಸಾಲಿನಲ್ಲೇ ಸಣ್ಣಕ್ಷರದಲ್ಲಿ ತುಂಬಿಕೊಂಡರು.

ಆ ಔಟ್‌ಹೌಸಿಗೆ ಹೊಸದಾಗಿ ಬಂದ ಲಾಯರ ಹೆಂಡತಿ ದಿನಬೆಳಗಾದರೆ ಕಾಂಪೌಂಡಿನ ಮೇಲಿಂದ, ನಮ್ಮ ಹೆಸರು ಸೇರಿಸಿದರೇ ಎಂದು ಕೇಳತೊಡಗಿದಳು. ಮಾವನವರನ್ನು ಕೇಳಿದರೆ, ಜಾಗ ಖಾಲಿಯಿಲ್ಲ. ಎಷ್ಟು ದಿನ ತಪ್ಪಿಸಿಕೊಳ್ಳಲಿ? ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಬ್ಲೇಡು ತೆಗೆದುಕೊಂಡು ಸಾವಿತ್ರಮ್ಮನವರ ಸಾಲನ್ನು ನಯವಾಗಿ ಕೆರೆದೆ. ಆ ಜಾಗದಲ್ಲಿ ಲಾಯರ ಹೆಸರು ಬರೆದೆ. ಇಟ್ಟಮಡುವಿನ ಗುರುತು ಹೋಗಬಾರದೆಂದು ಮೊದಲೇ ಗೋಡೆಯ ಕ್ಯಾಲೆಂಡರಿನ ಹಾಳೆಯಲ್ಲಿ ಬರೆದಿಟ್ಟಿದ್ದೆ. ಎಷ್ಟು ಜಾಣೆ ನೋಡಿ! ಮಾರನೆಯ ಬೆಳಿಗ್ಗೆ ಎಂದಿನಂತೆ ನಿನ್ನೆಯ ತಾರೀಕಿನ ಹಾಳೆ ಹರಿದೆ. ಎಂದಿನಂತೆ ಬಚ್ಚಲ ಒಲೆಗೆ ಹಾಕಿದೆ. ಸ್ನಾನಕ್ಕೆ ನೀರು ಹದವಾಗಿ ಕಾದ ಮೇಲೆ ನೆನಪಾಯಿತು.

ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ಫೋನು ಟ್ರಿಣ್ ಅಂದರೆ ಕೈಯಲ್ಲಿದ್ದ ಪಾತ್ರೆ ನೆಲಕ್ಕೆ. ಇನ್ನೂ ಎಂಟನೆಯ ತಿಂಗಳು, ಭದ್ರಾವತಿಗೆ ಹೊರಡುವ ಮೊದಲು ಸಾವಿತ್ರಮ್ಮನವರೇ ಬಂದು ಹೇಳಿ ಹೋಗುತ್ತಾರೆ ಎಂದು ಒಂದು ಮನಸ್ಸು. ಬಾರದೆ ಹೋದರೆ, ಎಂದು ಇನ್ನೊಂದು. ಮಾವನವರಿಗೆ ಹೇಳಿಬಿಡಲು ನಾಲ್ಕು ಸಲ ನಡುಮನೆಗೆ ಹೋದೆ, ನಾಲ್ಕು ಸಲವೂ ಕಾಫಿ ಬೇಕಾ ಎಂದು ಕೇಳಿ ವಾಪಸು ಬಂದೆ. ಅವರು ಒಂದೇ ದಿನ ಅಷ್ಟು ಕಾಫಿ ಕುಡಿದದ್ದು ಅದೇ ಮೊದಲು. ಗಲ್ಲದ ಮೇಲೆ ಶೇವಿಂಗಿನ ಎರಡು ಗಾಯ ಬೇರೆ. ಅದು ಯಾಕೆಂದು ನಾನು ಯೋಚಿಸಲೂ ಇಲ್ಲ.

ಹನ್ನೊಂದನೆಯ ದಿನ, ಬುಧವಾರ ಮಧ್ಯಾಹ್ನ, ಫೋನು ಉದ್ದಕ್ಕೆ ಬಡಿದುಕೊಂಡಿತು. ಟ್ರಂಕ್ ಕಾಲ್! ಮಾವನವರೇ ಎತ್ತಿದರು. ಭದ್ರಾವತಿಯಿಂದ, ಸಾವಿತ್ರಮ್ಮನವರೇ ಮಾತಾಡಬೇಕಂತೆ, ಇದ್ದಾರೆಯೇ ಎಂದು ಎಕ್ಸ್‌ಚೇಂಜಿನವಳು ಕೇಳಿದಳು. ಇಲ್ಲ ಎಂದರೆ ಕರೆ ಅಲ್ಲಿಗೇ ಕತ್ತರಿಸುತ್ತಾರೆ. ಜನ್ಮದಲ್ಲಿ ರೂಲು ಮೀರದ ನಮ್ಮ ಮಾವನವರು ನೆಟ್ಟಗೆ ನಿಂತು ಸುಳ್ಳು ಹೇಳಿದರು.

“ಇದಾರೆ. ಕೊಡಿ.”

ಆಮೇಲೆ ಆ ಕಡೆಯ ಅಳಿಯನಿಗೆ ಮೂರು ನಿಮಿಷ ಬರೀ ಹೂಂ ಹೂಂ. ಫೋನಿಟ್ಟು, ಮಗಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ನಾಳೆ ಆಪರೇಷನ್ನು, ಅಮ್ಮ ಬರಲಿ ಎಂದು ಅಳುತ್ತಿದ್ದಾಳಂತೆ, ಸಂಜೆಯ ರೈಲಿಗೇ ಹತ್ತಿಸಬೇಕು ಎಂದರು.

“ಮಾವ, ಆ ವಿಳಾಸ... ನಾನು...”

“ಬ್ಲೇಡು ಮೊಂಡಾದ ದಿನಾನೇ ಗೊತ್ತಾಯ್ತು. ನನ್ನ ಗಲ್ಲ ನೋಡ್ಲಿಲ್ವೇನಮ್ಮ?” ಎಂದರು. “ಕೊಡೆ ಕೊಡು.”

“ಇಟ್ಟಮಡೂಲಿ ಯಾವ ಮನೆ ಅಂತ ಹುಡುಕ್ತೀರಿ?”

“ಹುಡುಕೋದೇನು, ಮೂರು ಭಾನುವಾರ ಹೋಗಿದೀನಲ್ಲ. ಹುಣಸೆ ಮರದ ಎದುರು. ನಾಯಿ ಇದೆ, ಕಚ್ಚಲ್ಲ.”

ಆಗ ತಿಳಿಯಿತು ಅವರ ಗಾಳಿಯ ಗುಟ್ಟು! ಮಂಡಲ ಮುಗಿಯುವವರೆಗೆ ಹೆಸರು ತೆಗೆಯಬೇಕಾದವರ ಮನೆಗೆಲ್ಲ ಅವರೇ ಹೋಗಿ, ಫೋನೇನಾದರೂ ಬರುವುದಿದೆಯೇ ಎಂದು ವಿಚಾರಿಸಿ ಬರುತ್ತಿದ್ದರು. ಬದನೆಕಾಯಿ ಕೊಡುತ್ತಿದ್ದವರು ಆ ಮನೆಗಳವರೇ.

ಮಾವನವರು ಜಟಕಾ ಹತ್ತಿ ಹೋದರು. ಅಕ್ಕ ತಮ್ಮ ಇಬ್ಬರನ್ನೂ ರೈಲಿಗೆ ಹತ್ತಿಸಿ, ಪಂಚೆಯೆಲ್ಲ ಕೆಂಪು ಮಣ್ಣು ಮಾಡಿಕೊಂಡು ಬಂದರು. ಸಾವಿತ್ರಮ್ಮನವರಿಗೆ ಹೇಗೆ ಹೇಳಿದಿರಿ ಎಂದು ಕೇಳಿದೆ. ಮಗಳು ಚೆನ್ನಾಗಿದಾಳೆ, ನಿಮ್ಮನ್ನ ಕೇಳ್ತಿದಾಳೆ ಅಂತ ಮೊದಲು ಹೇಳಿದರಂತೆ. ಆಪರೇಷನ್ ಎಂಬ ಮಾತು ಎತ್ತಿದ್ದು ಅವರು ಜಟಕಾದಲ್ಲಿ ಕೂತ ಮೇಲೆ.

ಮಾರನೆಯ ದಿನ ಸಾಯಂಕಾಲದವರೆಗೆ ನಾವಿಬ್ಬರೂ ಫೋನಿನ ಎದುರು ಕೂತಿದ್ದೆವು. ಬಂತು. ಹೆಣ್ಣು ಮಗು. ತಾಯಿ ಮಗು ಕ್ಷೇಮ. ಮಾವನವರು ಮುಸುಕನ್ನು ಸರಿಯಾಗಿ ಹೊದಿಸಿ, ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

“ಹದಿನಾರು ಅಂತ ನಾನೇ ಮಾಡಿದ ರೂಲು. ಪುಟ ತಿರುಗಿಸಿ ಸಾವಿತ್ರಮ್ಮನೋರನ್ನ ಬರಿ” ಎಂದು ಕೈಕಾಲು ತೊಳೆಯಲು ಹೋದರು.

ಪುಟ ತಿರುಗಿಸಿದೆ. ಅಲ್ಲಿ ಹದಿನೇಳನೆಯ ಸಾಲು ಆಗಲೇ ಇತ್ತು. ಪೆನ್ಸಿಲ್ಲಲ್ಲ, ಶಾಯಿ. ಅದೂ ಮಾಸಿದ ಶಾಯಿ, ಎಷ್ಟೋ ವರ್ಷ ಹಿಂದಿನದು. ಹೆಸರು ನನ್ನದು. ಮನೆ: ಇದೇ. ಕರೆಯುವ ದಾರಿ: ಅಡಿಗೆಮನೆ. ಕೊನೆಯ ಅಂಕಣ ಮಾತ್ರ ಇಡೀ ಪುಸ್ತಕದಲ್ಲೇ ಉದ್ದ.

‘ತವರಿನ ಸುದ್ದಿಯಾದರೆ: ಬಹಳ ಹೆದರುತ್ತಾಳೆ, ತೋರಿಸಿಕೊಳ್ಳುವುದಿಲ್ಲ. ಮೊದಲು ಸ್ಟೌ ಆರಿಸುವುದು. ಕೈಯಲ್ಲಿರುವ ಪಾತ್ರೆ ಇಸಿದುಕೊಳ್ಳುವುದು. ಆಮೇಲೆ ಹೇಳುವುದು.’

ಸಾವಿತ್ರಮ್ಮನವರನ್ನು ಹದಿನೆಂಟನೆಯ ಸಾಲಿಗೆ ಬರೆದೆ. ಅಕ್ಷರ ಸ್ವಲ್ಪ ಕಲಸಿಹೋಗಿದೆ.