ಅಪ್ಪನ ಮಂಡಿಯ ಒಂದೂವರೆ ಮಿಲಿಮೀಟರು

ಅಳತೆ ಗೊತ್ತಿಲ್ಲದ ವಿಷಯದ ಬಗ್ಗೆ ನಾನು ಬಾಯಿ ತೆರೆಯುವವಳಲ್ಲ. ಮನೆಯವರು ಇದನ್ನು ಜಂಬ ಎನ್ನುತ್ತಾರೆ. ನಾನು ಭೌತಶಾಸ್ತ್ರ ಓದಿದ ಫಲ ಎಂದುಕೊಂಡಿದ್ದೆ. ಅಳತೆ ಸಿಕ್ಕ ಕೂಡಲೇ ಬಾಯಿ ತೆರೆದರೆ ಏನಾಗುತ್ತದೆ ಎನ್ನುವುದನ್ನು ಮಾತ್ರ ಅಪ್ಪನ ಮಂಡಿ ಕಲಿಸಿತು.

ಗುಂಡ್ಲುಪೇಟೆಯಲ್ಲಿ ಮೇಷ್ಟರಾಗಿದ್ದು ನಿವೃತ್ತರಾದ ಅಪ್ಪ, ಬಚ್ಚಲಲ್ಲಿ ಜಾರಿ ಬಲಮಂಡಿಯ ಮಿನಿಸ್ಕಸ್ ಹರಿದುಕೊಂಡರು. ಅದು ಮೂಳೆಗಳ ನಡುವೆ ಇರುವ ಮೆತ್ತೆ. ಮೈಸೂರಿನಲ್ಲಿ ಆಪರೇಷನ್ ಆಯಿತು. ಕೆಲವು ತಿಂಗಳ ಮೇಲೆ ಅಪ್ಪ ಅಮ್ಮ ಚಾಮರಾಜನಗರದ ನನ್ನ ಬಾಡಿಗೆ ಮನೆಗೆ ಬಂದಾಗ ಇಲ್ಲಿಯ ಡಾಕ್ಟರು ಹೊಸ ಎಕ್ಸ್‌ರೇ ತೆಗೆಸಲು ಹೇಳಿ, "ಮೂಳೆಗಳ ನಡುವಿನ ಸಂದು ಕಮ್ಮಿಯಾಗಿದ್ರೆ ಸವೆತ ಶುರುವಾಗಿದೆ ಅಂತ" ಎಂದರು. ಫಿಲ್ಮು ಕೈಗೆ ಬರುವಷ್ಟರಲ್ಲಿ ಅವರು ರಜೆಯ ಮೇಲೆ ಹೋಗಿದ್ದರು. ನನ್ನ ಕುತೂಹಲಕ್ಕೆ ರಜೆಯಿರಲಿಲ್ಲ.

ಆಪರೇಷನ್ನಿಗೆ ಮುಂಚೆ ಗುಂಡ್ಲುಪೇಟೆಯಲ್ಲಿ ತೆಗೆಸಿದ್ದ ಫಿಲ್ಮನ್ನೂ ಹೊಸದನ್ನೂ ಕಿಟಕಿ ಗಾಜಿಗೆ ಅಂಟಿಸಿ, ಸ್ಕೇಲು ಹಿಡಿದು, ಒಂದು ಕಣ್ಣು ಮುಚ್ಚಿ, ಮೂರು ಮೂರು ಸಲ ಅಳೆದು ಸರಾಸರಿ ತೆಗೆದೆ. ಆಗ ಐದು ಮಿಲಿಮೀಟರು, ಈಗ ಮೂರೂವರೆ.

"ಏನ್ ಕಣಮ್ಮಿ, ರವಿಕೆ ಬಟ್ಟೆ ಅಳ್ದಂಗೆ ಅಳೀತಾ ಕೂತಿದ್ದೀಯ? ಬುಡು ಅತ್ಲಾಗೆ!" ಎಂದರು ಅಮ್ಮ.

ಅಪ್ಪ ಮೆಲ್ಲಗೆ, "ಇನ್ನೊಂದ್ ಸಲ ಕುಯ್ತಾರಾ ಮಗ?" ಎಂದು ಕೇಳಿದರು.

"ಡಾಕ್ಟರು ಬರೋವರೆಗೆ ನಡೀಬೇಡಿ. ಉಳಿದದ್ದೂ ಸವೆದೀತು" ಎಂದೆ, ವಿಜ್ಞಾನದ ಗಾಂಭೀರ್ಯದಿಂದ. ದಿನಾ ಬೆಳಿಗ್ಗೆ ಪೇಪರು ತರಲು ನಡೆದೇ ಹೋಗುತ್ತಿದ್ದ ಅಪ್ಪ, ಹನ್ನೆರಡು ದಿನ ಮಂಚದ ಮೇಲೆ ಕೂತು ಕಿಟಕಿಯಲ್ಲಿ ನೇತಾಡುವ ತಮ್ಮದೇ ಮೂಳೆಗಳನ್ನು ನೋಡಿದರು.

ರಜೆ ಮುಗಿಸಿ ಬಂದ ಡಾಕ್ಟರು ಹಳೆಯ ಫಿಲ್ಮನ್ನು ಬೆಳಕಿಗೆ ಹಿಡಿದು, "ಮೇಷ್ಟ್ರೇ, ಇದನ್ನ ನಿಂತು ತೆಗೆಸಿದ್ರಾ?" ಎಂದರು.

"ಇಲ್ಲ. ಎಕ್ಸ್‌ರೇ ತೆಗೆಯೋನು ನನ್ನ ಶಿಷ್ಯ. 'ನೀವೇನೋ ನನ್ನ ಬೆಂಚ್ ಮ್ಯಾಲೆ ನಿಲ್ಸುದ್ರಿ ಸಾ, ನಿಮ್ಮ ನಿಲ್ಸಕ್ಕೆ ನಂಗೆ ಮನ್ಸು ಬರಕ್ಕಿಲ್ಲ, ಮನೀಕಳಿ' ಅಂದ."

ಡಾಕ್ಟರು ಜೋರಾಗಿ ನಕ್ಕರು. ಹೊಸ ಫಿಲ್ಮು ನಿಂತು ತೆಗೆಸಿದ್ದು. ನಿಂತಾಗ ಮೈಭಾರಕ್ಕೆ ಸಂದು ಕಿರಿದಾಗಿ ಕಾಣುವುದುಂಟಂತೆ; ಮಲಗಿದ ಮಂಡಿಯನ್ನು ನಿಂತ ಮಂಡಿಯ ಜೊತೆ ಹೋಲಿಸುವ ಹಾಗೇ ಇಲ್ಲವಂತೆ. "ಹೊಸ ಫಿಲ್ಮಲ್ಲಿ ಎರಡೂ ಮಂಡಿ ಇದೆಯಲ್ಲ ಮೇಡಂ, ಎಡಗಡೇದನ್ನ ಅಳೆದ್ರಾ?"

ಅಳೆದಿರಲಿಲ್ಲ. ಅವರ ಸ್ಕೇಲು ತೆಗೆದುಕೊಂಡು ಅಳೆದೆ. ಯಾರೂ ಕತ್ತರಿ ಮುಟ್ಟಿಸದ ಎಡಮಂಡಿಯದೂ ಮೂರೂವರೆ.

"ಚೆನ್ನಾಗಿದೆ ಮೇಷ್ಟ್ರೇ, ಧಾರಾಳವಾಗಿ ನಡೀರಿ."

ಅಪ್ಪ ಆಟೋ ಬೇಡವೆಂದು ಬಸ್‌ಸ್ಟ್ಯಾಂಡಿನವರೆಗೆ ನಡೆದೇ ಹೊರಟರು. ಹಿಂದೆ ನಾನು ಕ್ಷಮೆ ಕೇಳಲು ಸರಿಯಾದ ಒಂದು ವಾಕ್ಯವನ್ನು ಅಳೆದು ತೂಗುತ್ತಾ ಬಂದೆ. ಅದು ಸಿದ್ಧವಾಗುವ ಹೊತ್ತಿಗೆ ಅವರು ಗುಂಡ್ಲುಪೇಟೆ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದು, "ನಿಮ್ಮಮ್ಮನ್ನ ನಾಳೆ ಕಳ್ಸು" ಎಂದು ಕೈಬೀಸುತ್ತಿದ್ದರು.